ಫೋನಿನಲ್ಲಿ ಫಿಸಿಕ್ಸ್ ಪಜಲ್: ಯಾವ ಆಟ ಯಾರಿಗೆ ಒಗ್ಗುತ್ತದೆ?

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳ ವೇಳೆಯೇ ಬದಲಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ತೆರೆದರೆ ಮಧ್ಯಾಹ್ನ ಒಂದೂವರೆಗೆ ಕೆಲಸ ಮುಗಿಯಿತು. ಬಿಸಿಲು 42 ಡಿಗ್ರಿ ಮುಟ್ಟುವ ಆ ದಿನಗಳಲ್ಲಿ ಶಾಲೆಗಳಿಗೂ ರಜೆ. ಹೊತ್ತೇರಿದ ಮೇಲೆ ಸಂಜೆಯವರೆಗೆ ಹುಡುಗರನ್ನು ಹೊರಗೆ ಬಿಡುವಂತಿಲ್ಲ, ಒಳಗಿದ್ದರೆ ಕೈಯಲ್ಲಿ ಫೋನ್ ಇರಲೇಬೇಕು. ಪರಿಚಯದವರು ಆಗ ನನ್ನನ್ನು ಕೇಳುವುದು ಒಂದೇ ಮಾತು: "ಸರ್, ಹುಡುಗರು ಹೆಂಗೂ ಆಡ್ತಾವ. ತಲಿಗಿ ಕೆಲಸ ಕೊಡೋ ಆಟ ಯಾವ್ದರ ಇದ್ರ ಹೇಳ್ರಿ."

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು. ನನ್ನ ಉತ್ತರ ಯಾವಾಗಲೂ ಒಂದೇ ಜಾತಿಯ ಆಟಗಳ ಕಡೆ ಹೋಗುತ್ತದೆ: ಫಿಸಿಕ್ಸ್ ಪಜಲ್. ಹಗ್ಗ, ಕಲ್ಲು, ನೀರು, ತೊಲೆ, ಚೆಂಡು ಇವನ್ನೆಲ್ಲ ಪರದೆಯ ಮೇಲಿಟ್ಟು, ನಿಜವಾಗಿ ಹೇಗೆ ಬೀಳುತ್ತವೋ, ತೂಗುತ್ತವೋ, ಹರಿಯುತ್ತವೋ ಹಾಗೆಯೇ ಬಿಟ್ಟು, ಅದರಲ್ಲೇ ಒಗಟು ಕಟ್ಟಿದ ಆಟಗಳಿವು. ಪ್ಲೇ ಸ್ಟೋರಿನಲ್ಲಿ ಹುಡುಕಿದರೆ ಇಂಥವು ರಾಶಿ ಬೀಳುತ್ತವೆ. ಎಲ್ಲದಕ್ಕೂ ನಾಲ್ಕು ಚಿಲ್ಲರೆ ಸ್ಟಾರ್, ಎಲ್ಲದರ ಚಿತ್ರವೂ ಚಂದ. ಆರಿಸುವುದು ಹೇಗೆ?

ನನ್ನ ಅಳತೆಗೋಲು ಒಂದೇ. ಸೋತಾಗ ಯಾಕೆ ಸೋತೆ ಅಂತ ಆಡುವವರಿಗೆ ಕಣ್ಣಿಗೆ ಕಾಣಬೇಕು. ಸೇತುವೆ ಮುರಿದರೆ ಯಾವ ತೊಲೆ ಮೊದಲು ಹೋಯಿತು ಅಂತ ಗೊತ್ತಾಗಬೇಕು. ಹಣ್ಣು ಉರುಳಿ ಹೊರಗೆ ಬಿದ್ದರೆ ಯಾವ ತಳ್ಳುವಿಕೆಯಿಂದ ಅಂತ ತಿಳಿಯಬೇಕು. ಕಾರಣ ಕಂಡರೆ ಹುಡುಗ ಮರುಸಲ ಬೇರೆ ಥರ ಮಾಡುತ್ತಾನೆ, ಅದೇ ಕಲಿಕೆ. ಕಾರಣ ಕಾಣದಿದ್ದರೆ ಸುಮ್ಮನೆ ಬೆರಳು ಬಡಿಯುತ್ತ ಕೂಡುತ್ತಾನೆ, ಕೊನೆಗೆ "ಜಾಹೀರಾತು ನೋಡಿ, ಸುಳಿವು ಪಡೆಯಿರಿ" ಅನ್ನುವ ಗುಂಡಿ ಒತ್ತುತ್ತಾನೆ. ಚಿತ್ರ ಎಷ್ಟು ಚಂದ, ಲೆವೆಲ್ ಎಷ್ಟಿವೆ ಅನ್ನುವುದೆಲ್ಲ ಆಮೇಲಿನ ಮಾತು.

ಒಳಗೆ ನಡೆಯುವುದನ್ನು ಸ್ವಲ್ಪ ತಿಳಿದಿದ್ದರೆ ಆರಿಸುವುದು ಸಲೀಸು. ಇಂಥ ಆಟದ ಹೊಟ್ಟೆಯಲ್ಲಿ ಫಿಸಿಕ್ಸ್ ಎಂಜಿನ್ ಅನ್ನುವ ಲೆಕ್ಕದ ಯಂತ್ರವಿರುತ್ತದೆ. ಅದು ಸೆಕೆಂಡನ್ನು ಸಣ್ಣ ಸಣ್ಣ ಚೂರು ಮಾಡಿ, ಒಂದೊಂದು ಚೂರಿಗೂ ಪ್ರತಿ ವಸ್ತುವಿನ ವೇಗ ಎಷ್ಟು, ಮೇಲೆ ಯಾವ ಬಲ ಬಿದ್ದಿದೆ, ಯಾವುದಕ್ಕೆ ಯಾವುದು ತಾಗಿತು ಅಂತ ಲೆಕ್ಕ ಹಾಕುತ್ತ ಹೋಗುತ್ತದೆ. ಆಂಗ್ರಿ ಬರ್ಡ್ಸ್ ಓಡಿದ್ದು ಎರಿನ್ ಕ್ಯಾಟೊ ಎಂಬ ಪ್ರೋಗ್ರಾಮರ್ ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟ ಬಾಕ್ಸ್ ಟು ಡಿ ಎಂಜಿನ್ ಮೇಲೆ. ವರ್ಲ್ಡ್ ಆಫ್ ಗೂ ಬಳಸಿದ್ದು ಓಪನ್ ಡೈನಮಿಕ್ಸ್ ಎಂಜಿನ್ ಎಂಬ ಇನ್ನೊಂದನ್ನು. ಈ ಲೆಕ್ಕವೆಲ್ಲ ನಡೆಯುವುದು ಫೋನಿನ ಪ್ರೊಸೆಸರಿನಲ್ಲಿ. ಪರದೆಯ ಮೇಲೆ ವಸ್ತು ಹೆಚ್ಚಿದಷ್ಟೂ ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ. ನಮ್ಮ ಬೇಸಿಗೆಯಲ್ಲಿ ಇದನ್ನು ಮರೆತು ಆಟ ಆರಿಸಬಾರದು.

ಹಗ್ಗವೋ, ನೀರೋ?

ಮೊದಲ ಸಲ ಆಡುವವರಿಗೆ ನಾನು ಮುಂದಿಡುವುದು ಎರಡು: ಕಟ್ ದ ರೋಪ್ ಮತ್ತು ವೇರ್ಸ್ ಮೈ ವಾಟರ್. ಎರಡೂ ಹಳೆಯವು, ಎರಡಕ್ಕೂ ಒಂದು ಬೆರಳು ಸಾಕು, ಎರಡರಲ್ಲೂ ಓದುವುದು ಏನೂ ಇಲ್ಲ ಅಂದರೂ ನಡೆದೀತು. ಈ ಕೊನೆಯ ಮಾತಿಗೆ ನಮ್ಮ ಕಡೆ ಬೆಲೆ ಜಾಸ್ತಿ. ಬೀದರದ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಮಾತಾಡುವ ಮನೆಗಳಿರುತ್ತವೆ. ಓಣಿಯ ಹುಡುಗರೆಲ್ಲ ಒಂದೇ ಫೋನಿನ ಸುತ್ತ ಕೂತು ಆಡಬೇಕೆಂದರೆ ಮಾತಿಲ್ಲದ ಆಟವೇ ಒಳ್ಳೆಯದು.

ಕಟ್ ದ ರೋಪ್ 2010ರ ಅಕ್ಟೋಬರಿನಲ್ಲಿ ಐಫೋನಿಗೆ ಬಂತು, ಮರುವರ್ಷ ಆಂಡ್ರಾಯ್ಡಿಗೆ. ಮಾಡಿದ್ದು ರಷ್ಯಾದ ಅವಳಿ ಸಹೋದರರು ಕಟ್ಟಿದ ಜೆಪ್ಟೊಲ್ಯಾಬ್ ಕಂಪನಿ. ಓಮ್ ನೋಮ್ ಎಂಬ ಹಸಿರು ಮರಿಯೊಂದು ಬಾಯಿ ತೆರೆದುಕೊಂಡು ಕೂತಿರುತ್ತದೆ. ಮೇಲೆ ಹಗ್ಗಕ್ಕೆ ಕಟ್ಟಿದ ಮಿಠಾಯಿ ತೂಗುತ್ತಿರುತ್ತದೆ. ಹಗ್ಗವನ್ನು ಬೆರಳಿನಿಂದ ಗೀರಿ ಕತ್ತರಿಸಬೇಕು, ದಾರಿಯಲ್ಲಿ ಮೂರು ನಕ್ಷತ್ರ ಮುಟ್ಟಿಸಬೇಕು, ಮಿಠಾಯಿ ಸೀದಾ ಬಾಯಿಗೆ ಬೀಳಬೇಕು. ಮುಂದೆ ಹೋದಂತೆ ಗುಳ್ಳೆ, ಗಾಳಿ ಊದುವ ತಿದಿ, ಮುಳ್ಳು ಒಂದೊಂದಾಗಿ ಸೇರುತ್ತವೆ.

ಆಟವೆಲ್ಲ ನಿಂತಿರುವುದು ಲೋಲಕದ ಮೇಲೆ. ನಾಗರ ಪಂಚಮಿಗೆ ಜೋಕಾಲಿ ಆಡಿದವರಿಗೆ ಇದು ಮೈಗೇ ಗೊತ್ತು: ಜೋಕಾಲಿ ತುದಿ ಮುಟ್ಟಿದಾಗ ಒಂದು ಕ್ಷಣ ನಿಂತಂತಾಗುತ್ತದೆ, ನಡುವಿನಲ್ಲಿ ಎಲ್ಲಕ್ಕಿಂತ ಜೋರಾಗಿ ಹೋಗುತ್ತದೆ. ಅಕ್ಕನ ಮಗಳು ಏಳನೇ ಕ್ಲಾಸು ಮುಗಿಸಿದವಳು. ಕಳೆದ ರಜೆಯಲ್ಲಿ ಒಂದು ಲೆವೆಲ್ಲಿಗೆ ಸಿಕ್ಕಿಕೊಂಡಿದ್ದಳು. ಮಿಠಾಯಿ ಎಡಗಡೆ ತೂಗುತ್ತಿತ್ತು, ಓಮ್ ನೋಮ್ ಬಲಗಡೆ ದೂರ ಕೂತಿತ್ತು. ಪ್ರತಿ ಸಲ ಹಗ್ಗ ಬಲತುದಿಗೆ ಹೋಗುವವರೆಗೆ ಕಾದು, ಅದು ಹತ್ತಿರ ಬಂತು ಅಂತ ಕತ್ತರಿಸುತ್ತಿದ್ದಳು. ಮಿಠಾಯಿ ಅಲ್ಲಿಂದ ನೆಟ್ಟಗೆ ಕೆಳಗೆ ಬೀಳುತ್ತಿತ್ತು. ನಾನು ಸುಮ್ಮನೆ ನೋಡುತ್ತ ಕೂತೆ. ಬಹಳ ಹೊತ್ತಾದ ಮೇಲೆ ಅವಳು ಬೆರಳನ್ನು ತುಸು ಮೊದಲೇ ಗೀರಿದಳು. ಮಿಠಾಯಿ ಮುಂದಕ್ಕೆ ಹಾರಿ, ಕಮಾನಿನಂತೆ ಬಾಗಿ, ಬಾಯಿಯ ಅಂಚಿಗೆ ತಾಗಿ ಒಳಗೆ ಹೋಯಿತು. "ಮಾಮಾ, ತುದಿಗಿ ಹೋದಾಗ ಕತ್ತರಿಸಿದ್ರ ಸೀದಾ ಕೆಳಗ ಬೀಳ್ತದ. ನಡುವ ಕತ್ತರಿಸಿದ್ರ ಮುಂದ ಹಾರ್ತದ, ಯಾಕಂದ್ರ ಅಲ್ಲಿ ಜೋರ್ ಇರ್ತದ." ಒಂಬತ್ತನೇ ಕ್ಲಾಸಿನಲ್ಲಿ ನಾನು ಹಲಗೆಯ ಮೇಲೆ ಬಾಣ ಬರೆದು ತಿಳಿಸುವ ವಿಷಯ ಇದು. ಅವಳಿಗೆ ಯಾರೂ ಹೇಳಲಿಲ್ಲ, ಬಿದ್ದ ಮಿಠಾಯಿಯೇ ಹೇಳಿತು. ಸೋಲು ಕಾರಣ ತೋರಿಸಬೇಕು ಅಂದೆನಲ್ಲ, ಅದು ಇದೇ.

ವೇರ್ಸ್ ಮೈ ವಾಟರ್ 2011ರಲ್ಲಿ ಡಿಸ್ನಿ ಹೊರತಂದದ್ದು. ಸ್ವಾಂಪಿ ಎಂಬ ಮೊಸಳೆಗೆ ಸ್ನಾನದ ಹುಚ್ಚು, ಆದರೆ ನಲ್ಲಿಗೆ ನೀರು ಬರುತ್ತಿಲ್ಲ. ನಾವು ಬೆರಳಿನಿಂದ ಮಣ್ಣು ಅಗೆದು, ಮೇಲೆ ನಿಂತಿರುವ ನೀರಿಗೆ ದಾರಿ ಮಾಡಿ, ಅವನ ಕೊಳಾಯಿಗೆ ಮುಟ್ಟಿಸಬೇಕು. ದಾರಿಯಲ್ಲಿ ಮೂರು ರಬ್ಬರ್ ಬಾತುಗಳಿಗೂ ನೀರು ತಾಗಬೇಕು. ಇಲ್ಲಿ ವೇಳೆ ಸಾಧಿಸುವ ಕಷ್ಟವಿಲ್ಲ, ನಿಧಾನಕ್ಕೆ ಯೋಚಿಸಬಹುದು. ಅಗೆದ ಮಣ್ಣು ತಿರುಗಿ ಬರುವುದಿಲ್ಲ ಅನ್ನುವುದೇ ಆಟದ ಬಿಗಿ. ಒಂದು ಕಡೆ ಜಾಸ್ತಿ ಅಗೆದರೆ ನೀರೆಲ್ಲ ಬೇಡದ ಮೂಲೆಗೆ ಇಳಿದು ನಿಲ್ಲುತ್ತದೆ. ಅಲ್ಲಿ ನಿಂತ ನೀರನ್ನು ನೋಡಿದರೇ ತಪ್ಪು ಎಲ್ಲಿ ಅಂತ ಗೊತ್ತು. ಮುಂದಿನ ಲೆವೆಲ್ಲುಗಳಲ್ಲಿ ವಿಷದ ನೀರು ಬರುತ್ತದೆ. ಒಳ್ಳೆಯ ನೀರಿಗೆ ಅದು ಸೇರಿದರೆ ಎಲ್ಲ ಕೆಡುತ್ತದೆ, ಹಾಗಾಗಿ ಎರಡನ್ನೂ ಬೇರೆ ಬೇರೆ ದಾರಿಯಲ್ಲಿ ಕಳಿಸಬೇಕು.

ಈ ಆಟ ಆಡಿದ ಮಕ್ಕಳನ್ನು ಬೀದರದ ನೌಬಾದಿನ ಕರೇಜ್ ನೋಡಲು ಕರೆದುಕೊಂಡು ಹೋಗಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಜನ ಸುರಂಗ ಬಾವಿ ಅನ್ನುವುದೂ ಇದಕ್ಕೇ. ಬಹಮನಿ ಅರಸರ ಕಾಲದಲ್ಲಿ, 15ನೇ ಶತಮಾನದಲ್ಲಿ, ಪರ್ಷಿಯಾದ ವಿದ್ಯೆ ತಂದು ಕೆಂಪು ಜಂಬಿಟ್ಟಿಗೆಯ ನೆಲದ ಒಳಗೆ ಕೊರೆದ ನೀರಿನ ದಾರಿ ಅದು. ಪಂಪಿಲ್ಲ, ಎತ್ತಿಲ್ಲ, ಇಳಿಜಾರೊಂದೇ ನೀರನ್ನು ಒಯ್ಯುತ್ತಿತ್ತು. ಇಳಿಜಾರು ಜಾಸ್ತಿಯಾದರೆ ನೀರು ರಭಸಕ್ಕೆ ಸುರಂಗದ ತಳ ಕೊರೆದುಬಿಡುತ್ತದೆ. ಕಡಿಮೆಯಾದರೆ ಹೂಳು ತುಂಬಿ ನಿಲ್ಲುತ್ತದೆ. ಸ್ವಾಂಪಿಗೆ ನೀರು ಬಿಟ್ಟ ಮಗು ಆ ಬಾವಿಯ ಬಾಯಲ್ಲಿ ಬಗ್ಗಿ ನೋಡುವಾಗ ಕೇಳುವ ಪ್ರಶ್ನೆಗಳೇ ಬೇರೆ ಇರುತ್ತವೆ.

ಎರಡರಲ್ಲಿ ಯಾವುದು? ಐದರಿಂದ ಎಂಟು ವರ್ಷದ ಮಕ್ಕಳಿಗೆ, ಮತ್ತು ಫೋನಿನ ಆಟ ಇದೇ ಮೊದಲು ಅನ್ನುವ ಹಿರಿಯರಿಗೆ, ನೀರಿನ ಆಟ. ಅವಸರವಿಲ್ಲ, ಬೆರಳು ನಡುಗಿದರೂ ನಡೆಯುತ್ತದೆ. ಎಂಟು ದಾಟಿದವರಿಗೆ ಹಗ್ಗದ ಆಟ. ಅದರ ಸರಣಿ ದೊಡ್ಡದು. ಮೊದಲನೆಯದು ಮುಗಿದವರು ಎಕ್ಸ್‌ಪೆರಿಮೆಂಟ್ಸ್ ಹಿಡಿಯಲಿ. ಟೈಮ್ ಟ್ರಾವೆಲ್‌ನಲ್ಲಿ ಎರಡು ಮರಿಗಳಿಗೆ ಎರಡು ಮಿಠಾಯಿ ಕೊಡಬೇಕು, ಆದ್ದರಿಂದ ಅದು ಇನ್ನೂ ತುಸು ಬಿಗಿ. ನೀರಿನ ಆಟದಲ್ಲಿ ಒಂದು ಎಚ್ಚರ ಬೇಕು: 2011ರದ್ದು ಮತ್ತು 2013ರಲ್ಲಿ ಬಂದ ಎರಡನೆಯದು ಬೇರೆ ಬೇರೆ. ಎರಡನೆಯದು ಉಚಿತವಾಗಿ ಕೊಟ್ಟು ಒಳಗೆ ಖರೀದಿ ಕೇಳುವ ಮಾದರಿಯದು. ದುಡ್ಡು ಕೊಟ್ಟರೂ ಮೊದಲನೆಯದೇ ಒಳ್ಳೆಯದು ಅನ್ನುವುದು ನನ್ನ ಮಾತು.

ಹಕ್ಕಿಗಳ ವಿಷಯ

ಆಂಗ್ರಿ ಬರ್ಡ್ಸ್ ಗೊತ್ತಿಲ್ಲದವರಿಲ್ಲ. ಫಿನ್ಲೆಂಡಿನ ರೋವಿಯೊ 2009ರ ಡಿಸೆಂಬರಿನಲ್ಲಿ ಬಿಟ್ಟದ್ದು. ಕವಣೆ ಎಳೆದು ಹಕ್ಕಿ ಬಿಡಬೇಕು, ಮರ, ಗಾಜು, ಕಲ್ಲಿನ ಗೋಡೆ ಬೀಳಿಸಿ ಹಂದಿ ಹೊಡೆಯಬೇಕು. ಅದರ ಅತಿ ದೊಡ್ಡ ಗುಣ ಎದ್ದು ಕಾಣುವಂಥದ್ದಲ್ಲ: ಹಿಂದಿನ ಹಕ್ಕಿ ಹೋದ ದಾರಿ ಚುಕ್ಕೆ ಚುಕ್ಕೆಯಾಗಿ ಪರದೆಯ ಮೇಲೆ ಉಳಿಯುತ್ತದೆ. ಆ ಚುಕ್ಕೆಗಳೇ ಪಾಠ. ಇಷ್ಟು ಮೇಲಕ್ಕೆ ಎಳೆದೆ, ಅಷ್ಟು ದೂರ ಹೋಯಿತು, ಈಗ ಕೂದಲೆಳೆ ಕೆಳಗೆ ಎಳೆಯೋಣ ಅನ್ನುವ ಲೆಕ್ಕ ಹುಡುಗರ ತಲೆಯಲ್ಲಿ ತಾನಾಗಿ ನಡೆಯುತ್ತದೆ. 45 ಡಿಗ್ರಿಗೆ ಎಸೆದರೆ ಅತಿ ದೂರ ಹೋಗುತ್ತದೆ ಅಂತ ಪಿಯು ಪುಸ್ತಕದಲ್ಲಿದೆ. ಅದು ಎಸೆದ ಮಟ್ಟಕ್ಕೇ ಬೀಳುವ ವಸ್ತುವಿಗೆ, ಗಾಳಿಯ ತಡೆ ಲೆಕ್ಕಕ್ಕೆ ಹಿಡಿಯದಿದ್ದರೆ ಮಾತ್ರ. ಎತ್ತರದ ಗೋಪುರದ ಮೇಲೆ ಕೂತ ಹಂದಿಗೆ ಅದೇ ಕೋನ ಸಾಗದು ಅನ್ನುವುದನ್ನು ಆಟ ಕ್ಷಣದಲ್ಲಿ ತೋರಿಸಿಬಿಡುತ್ತದೆ.

ತೊಂದರೆ ಏನೆಂದರೆ ಆ ಮೂಲ ಆಟ ಈಗ ಆಂಡ್ರಾಯ್ಡಿನಲ್ಲಿ ಸಿಗುವುದಿಲ್ಲ. 2019ರಲ್ಲಿ ಕಂಪನಿ ಅದನ್ನು ಸ್ಟೋರಿನಿಂದ ತೆಗೆಯಿತು. ಅಭಿಮಾನಿಗಳ ಒತ್ತಾಯಕ್ಕೆ 2022ರಲ್ಲಿ ಹೊಸದಾಗಿ ಕಟ್ಟಿ, ಒಮ್ಮೆ ದುಡ್ಡು ಕೊಟ್ಟರೆ ಪೂರ್ತಿ ಸಿಗುವಂತೆ ಮತ್ತೆ ಬಿಟ್ಟಿತು. 2023ರ ಫೆಬ್ರವರಿಯಲ್ಲಿ ಅದೂ ಪ್ಲೇ ಸ್ಟೋರಿನಿಂದ ಹೋಯಿತು. ಆಪ್ ಸ್ಟೋರಿನಲ್ಲಿ ರೆಡ್ಸ್ ಫಸ್ಟ್ ಫ್ಲೈಟ್ ಅಂತ ಹೆಸರು ಬದಲಾಯಿತು. ಅಂದರೆ ಐಫೋನ್ ಇದ್ದವರು ಈ ಹೆಸರಿನಲ್ಲಿ ಹುಡುಕಬೇಕು.

ಆಂಡ್ರಾಯ್ಡಿನವರ ಕಣ್ಣಿಗೆ ಬೀಳುವುದು 2015ರ ಆಂಗ್ರಿ ಬರ್ಡ್ಸ್ 2. ನೋಡಲು ಬಹಳ ಚಂದ. ಆದರೆ ನನ್ನ ಅಳತೆಗೆ ಅದು ನಿಲ್ಲುವುದಿಲ್ಲ. ಸೋತು ಅದೇ ಲೆವೆಲ್ಲಿಗೆ ತಿರುಗಿ ಬಂದರೆ ಕಟ್ಟಡದ ಜೋಡಣೆಯೇ ಬದಲಾಗಿರುತ್ತದೆ. ಹಿಂದಿನ ಸಲ ಕಲಿತದ್ದನ್ನು ಹಚ್ಚಿ ನೋಡಲು ಹಿಂದಿನ ಗೋಡೆಯೇ ಇಲ್ಲ. ಮೇಲಿಂದ ಜೀವ ಮುಗಿದರೆ ಕಾಯಬೇಕು, ಇಲ್ಲವೇ ಆಟದೊಳಗಿನ ದುಡ್ಡಾದ ಹರಳು ಖರ್ಚು ಮಾಡಬೇಕು, ಇಲ್ಲವೇ ಜಾಹೀರಾತು ನೋಡಬೇಕು. ದೊಡ್ಡವರು ಬಸ್ಸಿಗೆ ಕಾಯುವಾಗ ಆಡಲಿ, ತಕರಾರಿಲ್ಲ. ಕಲಿಯಲಿ ಅಂತ ಮಕ್ಕಳಿಗೆ ಹಾಕಿಕೊಡುವುದಾದರೆ ಬೇಡ.

ಸೇತುವೆ ಕಟ್ಟುವವರಿಗೆ

ಹೈಸ್ಕೂಲು ಮುಟ್ಟಿದವರಿಗೆ, ಡಿಪ್ಲೊಮಾ ಸಿವಿಲ್ ಓದುವವರಿಗೆ, ಮೇಸ್ತ್ರಿ ಕೆಲಸ ಗೊತ್ತಿರುವವರಿಗೂ ಒಗ್ಗುವ ಆಟಗಳಿವು. ಪೈಪೋಟಿ ಎರಡರ ನಡುವೆ: ಬ್ರಿಜ್ ಕನ್‌ಸ್ಟ್ರಕ್ಟರ್ ಮತ್ತು ಪಾಲಿ ಬ್ರಿಜ್. ಎರಡರಲ್ಲೂ ಕೆಲಸ ಒಂದೇ. ಎರಡು ದಂಡೆಗಳ ನಡುವೆ, ಕೊಟ್ಟ ದುಡ್ಡಿನ ಒಳಗೆ, ರಸ್ತೆ, ಕಟ್ಟಿಗೆ, ಉಕ್ಕು, ಕೇಬಲ್ ಜೋಡಿಸಿ ಸೇತುವೆ ಕಟ್ಟಬೇಕು. ಆಮೇಲೆ ಗುಂಡಿ ಒತ್ತಿದರೆ ಗಾಡಿ ಬರುತ್ತದೆ. ನಿಂತರೆ ಗೆದ್ದಿರಿ.

ಮೊದಲ ದಿನ ಎಲ್ಲರೂ ಚೌಕ ಚೌಕವಾಗಿ ಕಟ್ಟುತ್ತಾರೆ. ಚೌಕಕ್ಕೆ ಓರೆಯಾಗಿ ಭಾರ ಬಿದ್ದರೆ ನಾಲ್ಕೂ ಮೂಲೆ ತಿರುಗಿ ಅದು ವಾಲಿ ಮಲಗುತ್ತದೆ, ತೊಲೆ ಒಂದೂ ಮುರಿದಿರುವುದಿಲ್ಲ. ಅದಕ್ಕೇ ಒಂದು ಓರೆ ತೊಲೆ ಹಚ್ಚಿ ಎರಡು ತ್ರಿಕೋನ ಮಾಡಿದರೆ ಅಲುಗುವುದಿಲ್ಲ. ತ್ರಿಕೋನದ ಮೂರು ಬದಿಗಳ ಉದ್ದ ಬದಲಾಗದೆ ಅದರ ಕೋನ ಬದಲಾಗಲು ಸಾಧ್ಯವೇ ಇಲ್ಲ. ಉಕ್ಕಿನ ರೈಲ್ವೆ ಸೇತುವೆಗಳ ಮೇಲೆ ಸಾಲಾಗಿ ಕಾಣುವ ತ್ರಿಕೋನಗಳ ಗುಟ್ಟು ಇದೇ. ಇನ್ನೊಂದು ದಾರಿ ಕಮಾನು. ಕಲಬುರಗಿ ಕೋಟೆಯ ಒಳಗಿನ ಜಾಮಿ ಮಸೀದಿಯಲ್ಲಿ, 1367ರ ಕಟ್ಟಡ ಅದು, ಸಾಲು ಸಾಲು ಕಮಾನುಗಳ ನಡುವೆ ನಿಂತರೆ ಭಾರ ಹೇಗೆ ಬಾಗಿ ಎರಡೂ ಬದಿಯ ಕಂಬಕ್ಕೆ ಇಳಿಯುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಆಟದಲ್ಲಿಯೂ ರಸ್ತೆಯ ಕೆಳಗೆ ಕಮಾನು ಕೊಟ್ಟು ಎರಡು ದಂಡೆಗೆ ಒರಗಿಸಿದರೆ ಅದೇ ಕೆಲಸ ನಡೆಯುತ್ತದೆ. ಇದನ್ನು ಒಬ್ಬ ವಿದ್ಯಾರ್ಥಿ ತಾನೇ ಕಂಡುಹಿಡಿದು ನನಗೆ ತೋರಿಸಲು ಬಂದಾಗ ಆದ ಖುಷಿ ದೊಡ್ಡದು.

ಬ್ರಿಜ್ ಕನ್‌ಸ್ಟ್ರಕ್ಟರ್‌ನಲ್ಲಿ ಗಾಡಿ ಹಾಯುವಾಗ ತೊಲೆಗಳ ಬಣ್ಣ ಹಸಿರಿನಿಂದ ಕೆಂಪಿಗೆ ತಿರುಗುತ್ತ ಹೋಗುತ್ತದೆ. ಎಲ್ಲಿ ಭಾರ ಜಾಸ್ತಿ ಅಂತ ಮುರಿಯುವ ಮುಂಚೆಯೇ ಗೊತ್ತು. ಕಾರು ದಾಟಿದರೆ ಒಂದು ಗೆಲುವು, ಲಾರಿ ದಾಟಿದರೆ ಇನ್ನೂ ದೊಡ್ಡ ಗೆಲುವು. ಕಾರಿಗೆ ನಿಂತ ಸೇತುವೆ ಲಾರಿಗೆ ಕುಸಿಯುವುದನ್ನು ನೋಡುವುದೇ ಒಂದು ಪಾಠ. ಪಾಲಿ ಬ್ರಿಜ್‌ನಲ್ಲೂ ಒತ್ತಡದ ಬಣ್ಣ ನೋಡುವ ಆಯ್ಕೆ ಇದೆ. ಅದರ ಹೆಚ್ಚುಗಾರಿಕೆ ಹೈಡ್ರಾಲಿಕ್, ಅಂದರೆ ಒತ್ತಡದಿಂದ ಉದ್ದವಾಗುವ, ಗಿಡ್ಡವಾಗುವ ತೊಲೆ. ದೋಣಿ ಬಂದಾಗ ಸೇತುವೆ ಮೇಲೇಳಬೇಕು, ಹೋದ ಮೇಲೆ ಇಳಿದು ಗಾಡಿಗೆ ದಾರಿ ಕೊಡಬೇಕು. ಇಲ್ಲಿಗೆ ಬಂದಮೇಲೆ ಆಟ ನಿಜವಾದ ಎಂಜಿನಿಯರಿಂಗ್ ಆಗುತ್ತದೆ, ಕಷ್ಟವೂ ಆಗುತ್ತದೆ.

ನನ್ನ ತೂಕ ಹೀಗಿದೆ. ಹೊಸಬರಿಗೆ ಬ್ರಿಜ್ ಕನ್‌ಸ್ಟ್ರಕ್ಟರ್, ಅದು ಸುಲಭವಾಯಿತು ಅನ್ನಿಸಿದವರಿಗೆ ಪಾಲಿ ಬ್ರಿಜ್. ಪರದೆ ಚಿಕ್ಕದಿದ್ದರೆ ಎರಡೂ ತ್ರಾಸು. ತೊಲೆಯ ತುದಿಯನ್ನು ಕೂಡಿಸುವ ಜಾಗ ಬೆರಳಿನ ಕೆಳಗೇ ಮುಚ್ಚಿಹೋಗುತ್ತದೆ. ಮನೆಯಲ್ಲಿ ಟ್ಯಾಬ್ ಇದ್ದರೆ ಅದಕ್ಕೆ ಹಾಕಿಕೊಳ್ಳಿ. ಮತ್ತು ಚಿಕ್ಕ ಮಕ್ಕಳಿಗೆ ಇವು ಬೇಡವೇ ಬೇಡ, ಬೇಸರ ಬಂದು ಫಿಸಿಕ್ಸ್ ಅಂದರೇ ದೂರ ಸರಿದಾರು.

ನನ್ನ ಮೆಚ್ಚಿನದು

ಒಂದೇ ಆಟ ಇಟ್ಟುಕೋ ಅಂದರೆ ನಾನು ಇಟ್ಟುಕೊಳ್ಳುವುದು ವರ್ಲ್ಡ್ ಆಫ್ ಗೂ. ಕೈಲ್ ಗ್ಯಾಬ್ಲರ್ ಮತ್ತು ರಾನ್ ಕಾರ್ಮೆಲ್ ಎಂಬ ಇಬ್ಬರು ಸೇರಿ ಟು ಡಿ ಬಾಯ್ ಎಂಬ ಪುಟ್ಟ ಸಂಸ್ಥೆಯಿಂದ 2008ರಲ್ಲಿ ಹೊರತಂದದ್ದು, ಫೋನಿಗೆ ಬಂದದ್ದು 2011ರಲ್ಲಿ. ಅಂಟಂಟಾದ ಜೀವಂತ ಉಂಡೆಗಳನ್ನು ಒಂದಕ್ಕೊಂದು ಹಚ್ಚುತ್ತ ಗೋಪುರವನ್ನೋ ಸೇತುವೆಯನ್ನೋ ಕಟ್ಟಿ, ಉಳಿದ ಉಂಡೆಗಳನ್ನು ಕೊಳವೆಯ ಬಾಯಿಗೆ ಮುಟ್ಟಿಸಬೇಕು. ಕಟ್ಟಲು ಬಳಸಿದ ಉಂಡೆ ಲೆಕ್ಕಕ್ಕೆ ಬರುವುದಿಲ್ಲ. ಗಟ್ಟಿ ಕಟ್ಟಲು ಹೋದರೆ ಉಳಿಯುವ ಉಂಡೆ ಕಡಿಮೆ, ಉಳಿಸಲು ಹೋದರೆ ಕಟ್ಟಡ ತೆಳು. ಈ ಎಳೆದಾಟ ಬೇರೆ ಯಾವ ಆಟದಲ್ಲೂ ಇಷ್ಟು ಚೆನ್ನಾಗಿ ಬಂದಿಲ್ಲ.

ಸೇತುವೆ ಆಟಗಳಲ್ಲಿ ಮೊದಲು ಕಟ್ಟಿ ಆಮೇಲೆ ಪರೀಕ್ಷೆ. ಇಲ್ಲಿ ಕಟ್ಟುವಾಗಲೇ ಪರೀಕ್ಷೆ ನಡೆಯುತ್ತಿರುತ್ತದೆ. ಗೋಪುರ ಮೇಲೇರಿದಂತೆ ಓಲಾಡತೊಡಗುತ್ತದೆ. ಬಲಗಡೆ ಒಂದು ಉಂಡೆ ಜಾಸ್ತಿ ಹಚ್ಚಿದರೆ ಇಡೀ ಕಟ್ಟಡ ಮೆಲ್ಲಗೆ ಬಲಕ್ಕೆ ವಾಲುತ್ತದೆ. ಗುರುತ್ವ ಕೇಂದ್ರ, ಅಂದರೆ ಇಡೀ ಭಾರ ಕೂಡಿದಂತಿರುವ ಬಿಂದು, ಬುಡದಿಂದ ಹೊರಗೆ ಹೋಗುವುದು ಎಂದರೇನು ಅಂತ ನಾನು ಕ್ಲಾಸಿನಲ್ಲಿ ಎಷ್ಟು ಚಿತ್ರ ಬರೆದರೂ ಆ ಓಲಾಟದಷ್ಟು ತಿಳಿಯಾಗಿ ಹೇಳಲಾರೆ. ಬೀಳುವ ಮುಂಚೆ ಎಡಕ್ಕೆ ಒಂದು ಉಂಡೆ ಹಚ್ಚಿ ಸರಿದೂಗಿಸಿದಾಗ ಉಸಿರು ಬಿಡುವ ಗಳಿಗೆ ಇದೆಯಲ್ಲ, ಅದಕ್ಕಾಗಿ ಈ ಆಟಕ್ಕೆ ಮತ್ತೆ ಮತ್ತೆ ಹೋಗುತ್ತೇನೆ. ಸಂಗೀತವೂ ಮನಸ್ಸಿಗೆ ಹಿಡಿಯುವಂಥದ್ದು, ಗ್ಯಾಬ್ಲರ್ ಅವರದೇ. ಕಥೆ ಹೇಳುವ ಫಲಕಗಳು ಇಂಗ್ಲಿಷಿನಲ್ಲಿವೆ. ಓದಲು ಬಾರದ ಮಕ್ಕಳಿಗೆ ಕಥೆ ತಪ್ಪಿದರೂ ಆಟ ತಪ್ಪುವುದಿಲ್ಲ. ಕೊಂಡುಕೊಳ್ಳುವ ಆಟ ಇದು, ನಡುನಡುವೆ ಜಾಹೀರಾತು ಬಂದು ಯೋಚನೆ ಕೆಡಿಸುವುದಿಲ್ಲ. ಹತ್ತು ದಾಟಿದ ಯಾರಿಗಾದರೂ ಕೊಡಬಹುದು.

ಗೆರೆ ಎಳೆಯುವ ಆಟಗಳು, ಮತ್ತು ಉಳಿದವು

ದುಡ್ಡು ಹಾಕುವುದಿಲ್ಲ, ಉಚಿತದ್ದೇ ಬೇಕು ಅನ್ನುವವರಿಗೆ ಬ್ರೇನ್ ಇಟ್ ಆನ್ ಒಳ್ಳೆಯ ಆಯ್ಕೆ. ಪರದೆಯ ಮೇಲೆ ಏನು ಬರೆದರೂ ಅದು ಗಟ್ಟಿ ವಸ್ತುವಾಗಿ ಕೆಳಗೆ ಬೀಳುತ್ತದೆ. ಚೆಂಡನ್ನು ಉರುಳಿಸು, ಲೋಟ ಬೀಳಿಸು ಅನ್ನುವಂಥ ಸಣ್ಣ ಕೆಲಸಗಳಿರುತ್ತವೆ. ಒಂದೇ ಉತ್ತರ ಅಂತಿಲ್ಲ. ಒಬ್ಬಳು ಸುತ್ತಿಗೆ ಬರೆಯುತ್ತಾಳೆ, ಇನ್ನೊಬ್ಬ ದೊಡ್ಡ ಗುಂಡು ಬರೆದು ಮೇಲಿಂದ ಬಿಡುತ್ತಾನೆ, ಎರಡೂ ಸರಿ. ಬೇಗ ಮುಗಿಸಿದರೆ, ಕಡಿಮೆ ಆಕಾರದಲ್ಲಿ ಮುಗಿಸಿದರೆ ಹೆಚ್ಚು ನಕ್ಷತ್ರ. ಅಣ್ಣ ತಂಗಿ ಪಂದ್ಯ ಕಟ್ಟಿ ಆಡಲು ಇದರಷ್ಟು ಒಗ್ಗುವುದು ಬೇರೆ ಇಲ್ಲ. ಈ ಜಾತಿಗೆ ದಾರಿ ತೋರಿದ್ದು ಫಿನ್ಲೆಂಡಿನ ಪೆಟ್ರಿ ಪುರ್ಹೊ ಮಾಡಿದ ಕ್ರೇಯಾನ್ ಫಿಸಿಕ್ಸ್ ಡಿಲಕ್ಸ್.

ಇದೇ ಥರ ಕಾಣುವ, ಒಂದು ಗೆರೆ ಎಳೆದು ಲೋಟಕ್ಕೆ ನೀರು ತುಂಬಿಸುವ ಅಥವಾ ಎರಡು ಚೆಂಡು ಕೂಡಿಸುವ ಉಚಿತ ಆಟಗಳು ಬಹಳ ಇವೆ. ಮೊದಲ ಹತ್ತಿಪ್ಪತ್ತು ಲೆವೆಲ್ ಚಂದ. ಆಮೇಲೆ ಬಹುತೇಕವು ಎಲ್ಲಿ ಗೀರಿದರೂ ಗೆಲ್ಲುವಷ್ಟು ಸಡಿಲವಾಗುತ್ತವೆ. ಗೆದ್ದದ್ದು ಯಾಕೆ ಅಂತಲೂ ಗೊತ್ತಾಗದಿದ್ದರೆ ಅದು ಸೋತ ಕಾರಣ ಕಾಣದ ಆಟದಷ್ಟೇ ಕೆಟ್ಟದ್ದು. ಹಣ್ಣಿನ ಮೇಲೆ ಹಣ್ಣು ಬಿಟ್ಟು ಕೂಡಿಸುವ ಆಟಗಳೂ ಈಗ ಬಹಳ ಚಾಲ್ತಿಯಲ್ಲಿವೆ. ಅಲ್ಲಿ ಉರುಳಾಟ ನಿಜದ್ದೇ, ಆದರೆ ಮುಂದೆ ಯಾವ ಹಣ್ಣು ಬರುತ್ತದೆ ಅನ್ನುವುದರಲ್ಲಿ ಅದೃಷ್ಟದ ಪಾಲು ದೊಡ್ಡದು. ದಣಿದು ಬಂದಾಗ ಮನಸ್ಸು ಹಗುರ ಮಾಡಿಕೊಳ್ಳಲು ಸರಿ.

ಮೆಕೊರಾಮಾ ಪೂರ್ತಿ ಫಿಸಿಕ್ಸ್ ಆಟವಲ್ಲದಿದ್ದರೂ ಬಿಡಲು ಮನಸ್ಸಿಲ್ಲ. ಸ್ವೀಡನ್ನಿನ ಮಾರ್ಟಿನ್ ಮಾಗ್ನಿ 2016ರಲ್ಲಿ ಒಬ್ಬರೇ ಮಾಡಿದ್ದು. ಪುಟ್ಟ ರೋಬೋಟನ್ನು ಕಟ್ಟಡದ ಮೇಲೆ ನಡೆಸಬೇಕು, ಮೆಟ್ಟಿಲು ತಪ್ಪಿದರೆ ಬೀಳುತ್ತದೆ. ಆಟ ಉಚಿತ, ಮನಸ್ಸಿದ್ದರೆ ಮನಸ್ಸಿಗೆ ಬಂದಷ್ಟು ಕೊಡಬಹುದು. ನೀವೇ ಲೆವೆಲ್ ಕಟ್ಟಿ ಕ್ಯೂಆರ್ ಕೋಡ್ ಇರುವ ಚಿತ್ರವಾಗಿ ಗೆಳೆಯರಿಗೆ ಕಳಿಸಬಹುದು. ಕಟ್ಟುವ ಹುಚ್ಚಿರುವ ಹುಡುಗರಿಗೆ ಇದಿಷ್ಟೇ ಸಾಕು.

ಲಿಂಬೊ ದೊಡ್ಡವರಿಗೆ ಮಾತ್ರ. ಡೆನ್ಮಾರ್ಕಿನ ಪ್ಲೇಡೆಡ್ 2010ರಲ್ಲಿ ಮಾಡಿದ ಕಪ್ಪು ಬಿಳುಪಿನ ಆಟ. ಪೆಟ್ಟಿಗೆ, ಹಗ್ಗ, ನೀರಿನ ಒಗಟುಗಳು ಬಹಳ ಜಾಣತನದವು, ಆದರೆ ಅದರಲ್ಲಿ ಹುಡುಗ ಸಾಯುವ ರೀತಿ ಮಕ್ಕಳು ನೋಡುವಂಥದ್ದಲ್ಲ. ಹ್ಯೂಮನ್ ಫಾಲ್ ಫ್ಲಾಟ್ ಗೆಳೆಯರ ಗುಂಪಿಗೆ. ಮೈಯೆಲ್ಲ ಸಡಿಲವಾದ ಗೊಂಬೆಯನ್ನು ಎರಡು ಕೈಯಿಂದ ಹಿಡಿದು ಹತ್ತಿಸಿ ಇಳಿಸುವ ಮೂರು ಆಯಾಮದ ಆಟ, ಆನ್‌ಲೈನಿನಲ್ಲಿ ಜೊತೆಯಾಗಿ ಆಡಬಹುದು. ಫೋನ್ ಜೋರಾಗಿರಬೇಕು, ನೆಟ್‌ವರ್ಕೂ ಬೇಕು. ಹಳ್ಳಿಯಲ್ಲಿ ಟವರ್ ಹುಡುಕಿಕೊಂಡು ಮಾಳಿಗೆ ಏರುವವರು ಇದನ್ನು ಬಿಟ್ಟು ಬೇರೆ ಹಿಡಿಯಲಿ.

ಹಾಕಿಕೊಳ್ಳುವ ಮುಂಚೆ

ಯಾವುದನ್ನೇ ಆರಿಸಿ, ಇನ್‌ಸ್ಟಾಲ್ ಆದ ಕೂಡಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಆಟ ತೆರೆಯಿರಿ. ತೆರೆದು, ಲೆವೆಲ್ ನಡೆದರೆ ಅದು ಕರೆಂಟು ಹೋಗಿ ವೈಫೈ ಸತ್ತಾಗಲೂ, ಯಾದಗಿರಿಯಿಂದ ರಾಯಚೂರಿಗೆ ಹೋಗುವ ರೈಲಿನಲ್ಲಿ ನೆಟ್‌ವರ್ಕ್ ತಪ್ಪಿದಾಗಲೂ ನಡೆಯುತ್ತದೆ. ತೆರೆಯದೆ "ಇಂಟರ್ನೆಟ್ ಬೇಕು" ಅಂದರೆ ನಮ್ಮ ಊರುಗಳಿಗೆ ಅದು ಅರ್ಧ ಆಟ.

ಚಾರ್ಜಿಗೆ ಹಾಕಿಕೊಂಡು ಆಡಲು ಬಿಡಬೇಡಿ. ಚಾರ್ಜಿನ ಬಿಸಿ, ಪ್ರೊಸೆಸರಿನ ಬಿಸಿ, ಹೊರಗಿನ ಬಿಸಿಲು ಮೂರೂ ಕೂಡಿದರೆ ಫೋನ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆಗ ಆಟ ತಡವರಿಸುತ್ತದೆ. ಹಗ್ಗ ಕತ್ತರಿಸುವಂಥ, ವೇಳೆಯ ಮೇಲೆ ನಿಂತ ಆಟದಲ್ಲಿ ಬೆರಳು ಸರಿಯಾಗಿ ಗೀರಿದರೂ ಮಿಠಾಯಿ ತಪ್ಪುತ್ತದೆ, ಮಗು ತನ್ನದೇ ತಪ್ಪು ಅಂದುಕೊಳ್ಳುತ್ತದೆ. ಪರದೆಯ ಬೆಳಕು ಇಳಿಸಿ, ಫೋನಿನ ಕವರ್ ತೆಗೆದು ಕೊಟ್ಟರೆ ಸಾಕಷ್ಟು ಫರಕು ಕಾಣುತ್ತದೆ. ಎರಡು ಮೂರು ವರ್ಷದ ಹಳೆಯ ಫೋನಾದರೆ ಕಟ್ ದ ರೋಪ್, ನೀರಿನ ಆಟ, ಮೆಕೊರಾಮಾ ಆರಾಮ ನಡೆಯುತ್ತವೆ. ಪಾಲಿ ಬ್ರಿಜ್‌ನ ದೊಡ್ಡ ಲೆವೆಲ್ಲುಗಳಿಗೆ ಹೊಸ ಫೋನೇ ವಾಸಿ.

ದುಡ್ಡಿನ ವಿಷಯ ದೊಡ್ಡವರ ಕೈಯಲ್ಲಿರಲಿ. ಪ್ಲೇ ಸ್ಟೋರಿನ ಸೆಟ್ಟಿಂಗ್ಸಿನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮೊದಲೇ ಮಾಡಿಡಿ. ಮಕ್ಕಳು ಅರಿಯದೆ ಹರಳು, ಸುಳಿವು ಕೊಳ್ಳುವ ಪ್ರಸಂಗ ಬರುವುದಿಲ್ಲ. ಪ್ಲೇ ಸ್ಟೋರಿನಲ್ಲಿ ಆಟ ಕೊಂಡು ಬೇಡವೆನಿಸಿದರೆ 48 ಗಂಟೆಯೊಳಗೆ ಹಣ ವಾಪಸು ಕೇಳಲು ಅವಕಾಶವಿದೆ. ಆದ್ದರಿಂದ ಕೊಂಡ ದಿನವೇ ಕೂತು ಐದಾರು ಲೆವೆಲ್ ಆಡಿ ನೋಡಿ, ವಾರ ಬಿಟ್ಟು ನೋಡೋಣ ಅನ್ನಬೇಡಿ.

ಎರಡು ಮೂರು ಕೊಳ್ಳುವ ಆಟಗಳು ಬೇಕು, ಆದರೆ ಆಡುವುದು ರಜೆಯಲ್ಲಿ ಮಾತ್ರ ಅನ್ನುವವರು ಪ್ಲೇ ಪಾಸ್ ನೋಡಬಹುದು, ತಿಂಗಳಿಗಿಷ್ಟು ಕೊಟ್ಟು ಪ್ಲೇ ಸ್ಟೋರಿನ ಹಲವು ಆಟ ಆಡುವ ಗೂಗಲ್ಲಿನ ಚಂದಾ ಅದು. 2022ರಲ್ಲಿ ಭಾರತಕ್ಕೆ ಬಂದಾಗ ತಿಂಗಳಿಗೆ 99 ರೂಪಾಯಿ ಇತ್ತು. ಅದರೊಳಗಿನ ಆಟಗಳಲ್ಲಿ ಜಾಹೀರಾತೂ ಇಲ್ಲ, ಒಳಗಿನ ಖರೀದಿಯೂ ಇಲ್ಲ. ಮನೆಯ ಇನ್ನೂ ಐದು ಮಂದಿ ಅದನ್ನೇ ಹಂಚಿಕೊಳ್ಳಬಹುದು. ಪಟ್ಟಿಯಲ್ಲಿರುವ ಆಟಗಳು ಬದಲಾಗುತ್ತಿರುತ್ತವೆ, ನಿಮಗೆ ಬೇಕಾದದ್ದು ಇದೆಯೋ ಇಲ್ಲವೋ ನೋಡಿಕೊಂಡೇ ಸೇರಿ. ಒಂದೇ ಆಟ ವರ್ಷವೆಲ್ಲ ಆಡುವವರಿಗೆ ಅದನ್ನು ಕೊಂಡುಬಿಡುವುದೇ ಅಗ್ಗ. ಪಾಸ್ ತೆಗೆದುಕೊಂಡವರು ಜೂನಿನಲ್ಲಿ ಶಾಲೆ ಶುರುವಾಗುವ ಮುಂಚೆ ಅದನ್ನು ರದ್ದು ಮಾಡಿ. ಇಲ್ಲದಿದ್ದರೆ ಆಟೋಪೇ ಮೂಲಕ ಪ್ರತಿ ತಿಂಗಳು ದುಡ್ಡು ಕಡಿತವಾಗುತ್ತಲೇ ಇರುತ್ತದೆ.